ಶಿಪ್ಪಿನವರ ಮೂಗು

ಶಕ್ತಿನಗರದ ನಮ್ಮ ರಸ್ತೆಯ ತಿರುವಿನಲ್ಲಿ ಈಗ ಪ್ಲೈವುಡ್ ಅಂಗಡಿ ಇದೆ. ಅದಕ್ಕೆ ಮೊದಲು ಅಲ್ಲಿ ಒಂದು ಮೀನಿನ ಹೋಟೆಲಿತ್ತು. ಏಳು ಮೇಜು, ಇಪ್ಪತ್ತೆಂಟು ಕುರ್ಚಿ. ಭಾನುವಾರ ಮಧ್ಯಾಹ್ನ ಅಲ್ಲಿ ಊಟ ಮಾಡಬೇಕಾದರೆ ಉಣ್ಣುತ್ತಿರುವ ಯಾರದಾದರೂ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕಿತ್ತು. ಆತ ಮುಳ್ಳು ಬಿಡಿಸುತ್ತಾ ಕೂತಷ್ಟು ಹೊತ್ತು ನಾವು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆವು. ಆ ಹೋಟೆಲಿನ ಯಜಮಾನರ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಅವರ ಹೆಸರೆತ್ತುವುದು ಅವರ ಮನೆಯವರಿಗೆ ಇಷ್ಟವಿಲ್ಲ, ಅದಕ್ಕೆ ಸರಿಯಾದ ಕಾರಣವೂ ಇದೆ. ಊರಿನವರು ಅವರನ್ನು ಕರೆಯುತ್ತಿದ್ದದ್ದು ಶಿಪ್ಪಿನವರು ಎಂದು.

ಇಪ್ಪತ್ತೆರಡು ವರ್ಷ ಅವರು ಪ್ರವಾಸಿ ಹಡಗುಗಳಲ್ಲಿ ಅಡಿಗೆ ಮಾಡಿದ್ದರು. ಅಮೆರಿಕದ ದಕ್ಷಿಣದ ಬಂದರುಗಳಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಬರುವ ಹಡಗುಗಳು. ಊರಿಗೆ ಬಂದ ಮೇಲೆ ಎಲ್ಲರೂ ಮಾಡುವ ಹಾಗೆ ಜಾಗ ತೆಗೆದುಕೊಂಡು ಬಾಡಿಗೆಗೆ ಕೊಟ್ಟು ಕೂರಬಹುದಿತ್ತು. ಅದು ಬಿಟ್ಟು ಹೋಟೆಲ್ ಹಾಕಿದರು. ಬೋರ್ಡಿನಲ್ಲಿ ‘ಮೀನು ಊಟ’ ಎಂದು ದೊಡ್ಡದಾಗಿ, ಅದರ ಕೆಳಗೆ ‘ಭಾನುವಾರ ಕೆರಿಬಿಯನ್ ಅಡಿಗೆ’ ಎಂದು ಸಣ್ಣದಾಗಿ ಬರೆಸಿದರು.

ಮೊದಲ ಭಾನುವಾರ ಊರು ನಗಲಿಕ್ಕೆಂದೇ ಬಂದಿತ್ತು. ಬೆಂಡೆಕಾಯಿ, ಏಡಿ, ಸಿಗಡಿ ಒಟ್ಟಿಗೆ ಹಾಕಿ ಬೇಯಿಸಿದ, ಹಡಗು ಹೊರಡುವ ಅಮೆರಿಕದ ಬಂದರಿನವರ ಗಂಬೋ ಎಂಬ ಪದಾರ್ಥವನ್ನು ಅನ್ನದ ಮೇಲೆ ಸುರಿದು ಕೊಟ್ಟರು. ಸಿಟಿ ಬಸ್ಸಿನ ಡ್ರೈವರ್ ಒಬ್ಬ ಬಟ್ಟಲನ್ನು ಅಲುಗಾಡಿಸಿ ನೋಡಿ ಹೇಳಿದ:

“ಇದೆಂತ ಅಣ್ಣ, ಏಡಿಗೆ ಬೆಂಡೆಕಾಯಿ? ಮನೆಯಲ್ಲಿ ಉಳಿದದ್ದನ್ನೆಲ್ಲ ಹಾಕಿದ್ದಾ?”

“ಹೌದು ಮಾರಾಯ. ಅಲ್ಲಿಯ ಬಡವರು ಉಳಿದದ್ದನ್ನೆಲ್ಲ ಹಾಕಿಯೇ ಮಾಡಿದ್ದು. ತಿಂದು ನೋಡು. ಹಿಡಿಸದಿದ್ರೆ ನಮ್ಮ ಬೂತಾಯಿ ಮೀನಿನ ಪುಳಿಮುಂಚಿ ಉಂಟು.”

ಡ್ರೈವರ್ ಎರಡನೇ ಬಟ್ಟಲು ಕೇಳಿದ. ಆಮೇಲೆ ಪ್ರತಿ ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರತೊಡಗಿದ.

ಕೆಂಡದಲ್ಲಿ ಸುಟ್ಟ, ಹಲಸಿನ ಜಾತಿಯ ಜೀಗುಜ್ಜೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅಲಸಂಡೆ ಅನ್ನ, ಗಾಂಧಾರಿ ಮೆಣಸು ಅರೆದು ಹಚ್ಚಿ ಸುಟ್ಟ ಅಂಜಲ್ ಮೀನು, ಇವೆಲ್ಲ ಅವರ ಭಾನುವಾರದ ಅಡಿಗೆಗಳು. ಜೀಗುಜ್ಜೆಯನ್ನು ಕೊಯ್ಯುವಾಗ ಅವರ ಮುಖ ನೋಡಬೇಕಿತ್ತು. “ಅಲ್ಲಿಯೂ ಇದೇ ಮರ, ಕಾಕ. ಮೊದಲ ಸಲ ನೋಡಿದಾಗ ದಾರಿಬದಿಯಲ್ಲಿ ನಿಂತು ಅತ್ತಿದ್ದೇನೆ” ಎಂದು ಒಮ್ಮೆ ನನಗೆ ಹೇಳಿದ್ದರು. ಹಿತ್ತಲಿನ ಸರ್ವಸಾಂಬಾರ ಮರದ ಎಲೆಯನ್ನು ಕೆಂಡಕ್ಕೆ ಹಾಕಿ ಮೀನಿಗೆ ಹೊಗೆ ಕೊಡುತ್ತಿದ್ದರು. ಆ ಹೊಗೆ ಮೇಲಿನ ಬಸ್ ಸ್ಟಾಪಿನವರೆಗೆ ಬರುತ್ತಿತ್ತು.

ನನ್ನನ್ನು ಅವರು ಕಾಕ ಎಂದೇ ಕರೆಯುತ್ತಿದ್ದರು, ನನಗಿಂತ ಆರು ವರ್ಷ ದೊಡ್ಡವರಾಗಿದ್ದರೂ. “ಬ್ಯಾರಿಗಳಲ್ಲಿ ತಲೆ ಬೋಳಾದವರೆಲ್ಲ ನನಗೆ ಕಾಕ” ಎನ್ನುತ್ತಿದ್ದರು. ನಾನು ಪಣಂಬೂರಿನಲ್ಲಿ ಸರಕು ಸಾಗಣೆಯ ಆಫೀಸೊಂದರಲ್ಲಿ ಗುಮಾಸ್ತ. ನನ್ನ ಅಪ್ಪ ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದವರು. ಆದ್ದರಿಂದ ಮೀನಿನ ವಿಷಯದಲ್ಲಿ ನನಗೂ ಸ್ವಲ್ಪ ಅಹಂಕಾರ ಉಂಟು. ಆ ಅಹಂಕಾರವೇ ನಮ್ಮ ಸ್ನೇಹಕ್ಕೆ ಕಾರಣ.

ನಮ್ಮ ಊರಿನ ಮೀನಿನ ಹೋಟೆಲುಗಳಲ್ಲಿ ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿಗೆ ತರುತ್ತಾರೆ. ನಾವು ಬೆರಳು ತೋರಿಸಿದ್ದನ್ನು ಒಳಗೆ ಕೊಂಡು ಹೋಗಿ ಕಾಯಿಸುತ್ತಾರೆ. ಶಿಪ್ಪಿನವರು ಮಾತ್ರ ಮಸಾಲೆ ಹಚ್ಚದ ಮೀನನ್ನು ತರುತ್ತಿದ್ದರು. ತಲೆ ಸಮೇತ, ಕಿವಿರು ಸಮೇತ. ಹೆಬ್ಬೆರಳಿನಲ್ಲಿ ಕಿವಿರು ಎತ್ತಿ ಗಿರಾಕಿಯ ಮೂಗಿನ ಕೆಳಗೆ ಹಿಡಿಯುತ್ತಿದ್ದರು. “ಮಸಾಲೆ ಹಚ್ಚಿದ ಮೇಲೆ ಎಲ್ಲ ಮೀನೂ ಮದುಮಗಳೇ. ಹಚ್ಚುವ ಮೊದಲು ನೋಡಿ” ಎನ್ನುತ್ತಿದ್ದರು. ಕೆಲವು ಹೆಂಗಸರು ಮುಖ ತಿರುಗಿಸುತ್ತಿದ್ದರು. ಅದಕ್ಕೂ ನಗು.

ಬೆಳಿಗ್ಗೆ ಮೀನಿನ ಬುಟ್ಟಿ ಇಳಿದಾಗ ಅವರೊಬ್ಬರೇ ಅದರ ಎದುರು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಕಣ್ಣು ಮುಚ್ಚಿ ಮೂಗು ಹತ್ತಿರ ಒಯ್ದು “ಉಂಟು” ಅಥವಾ “ಇಲ್ಲ” ಎನ್ನುತ್ತಿದ್ದರು. ಮೂರನೇ ಮಾತಿಲ್ಲ. ಒಮ್ಮೆ ಮೀನು ಇಳಿಸುವ ದಕ್ಕೆಯ ವ್ಯಾಪಾರಿ ಹೊಸ ಮಂಜುಗಡ್ಡೆ ಹಾಕಿ ಹಿಂದಿನ ದಿನದ ಬಂಗುಡೆ ಸೇರಿಸಿ ಕಳಿಸಿದ್ದ. ಇವರು ಒಂದೊಂದಾಗಿ ಹದಿನೇಳು ಬಂಗುಡೆ ಆರಿಸಿ ವಾಪಸ್ ಕಳಿಸಿದರು. ವ್ಯಾಪಾರಿ ಸಂಜೆ ತಾನೇ ಬಂದು, ಹದಿನೇಳೇ ಸೇರಿಸಿದ್ದು ಹೌದೆಂದು ಒಪ್ಪಿ, ಊಟ ಮಾಡಿ ಹೋದ.

ಇನ್ನೊಂದು ಸಂಗತಿ ನಮ್ಮ ರಸ್ತೆಗೆಲ್ಲ ಗೊತ್ತಿತ್ತು. ಒಂದು ಬೆಳಿಗ್ಗೆ ಅವರು ನಡೆದು ಬರುತ್ತಿದ್ದವರು ಒಂದು ಮನೆಯ ಗೇಟಿನ ಎದುರು ನಿಂತು, ಓಡಿ ಹೋಗಿ ಬಾಗಿಲು ಬಡಿದು, “ಗ್ಯಾಸ್ ಸೋರ್ತಾ ಉಂಟು, ಲೈಟು ಹಾಕಬೇಡಿ” ಎಂದು ಕೂಗಿದ್ದರು. ಸೋರುತ್ತಿದ್ದದ್ದು ನಿಜ. ಒಳಗೆ ಮಲಗಿದ್ದ ಮುದುಕಿ ಬದುಕಿದಳು. ಆ ದಿನದಿಂದ ಶಿಪ್ಪಿನವರ ಮೂಗು ಎಂಬುದು ಮಾತಿನಲ್ಲಿ ಸೇರಿಹೋಯಿತು. ಮಕ್ಕಳು ಸುಳ್ಳು ಹೇಳಿದರೆ ತಾಯಂದಿರು ಶಿಪ್ಪಿನವರನ್ನು ಕರೆಯುತ್ತೇನೆ ಎಂದು ಹೆದರಿಸುತ್ತಿದ್ದರು.

ಅವರ ಹೆಂಡತಿ ಬೆಂಗ್ರೆಯ ಮೀನುಗಾರರ ಮನೆಯಿಂದ ಬಂದವರು. ನಾನು ಅಕ್ಕ ಎನ್ನುತ್ತಿದ್ದೆ. ಮಸಾಲೆ ಕಡೆಯುವುದು, ಕಾವಲಿಯ ಎದುರು ನಿಲ್ಲುವುದು, ಬಡಿಸುವ ಇಬ್ಬರು ಹೆಂಗಸರನ್ನು ಗದರಿಸುವುದು ಎಲ್ಲ ಅವರದು. ಗಂಡನನ್ನೂ ಗದರಿಸುತ್ತಿದ್ದರು, ಗಿರಾಕಿಗಳ ಎದುರಿನಲ್ಲೇ. “ಇವರಿಗೆ ಮೂಗು ಒಂದು ಇಲ್ಲದಿದ್ರೆ ನಾನು ಯಾವಾಗಲೋ ಬೆಂಗ್ರೆಗೆ ವಾಪಸ್ ಹೋಗ್ತಿದ್ದೆ” ಎಂದು ಅಕ್ಕ ಹೇಳಿದರೆ ಇಡೀ ಹೋಟೆಲು ನಗುತ್ತಿತ್ತು. ಶಿಪ್ಪಿನವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಕೊರೋನ ಕಾಲದಲ್ಲಿ ಅವರಿಬ್ಬರಿಗೂ ಜ್ವರ ಬಂತು, ಹೋಯಿತು. ಹೋಟೆಲು ಮತ್ತೆ ತೆರೆಯಿತು. ಜನ ಮೊದಲಿಗಿಂತ ಹೆಚ್ಚು ಬಂದರು. ಒಂದು ಮಧ್ಯಾಹ್ನ ನನ್ನ ಮೇಜಿಗೆ ಬಂದ ತಟ್ಟೆಯಲ್ಲಿ ಹಸಿ ಮೀನಿಗೆ ಆಗಲೇ ಮಸಾಲೆ ಹಚ್ಚಿತ್ತು. ಜನ ಹೆಚ್ಚಾಗಿದ್ದಾರೆ, ಕೆಲಸ ಸುಲಭವಾಗಲಿ ಎಂದು ಹಾಗೆ ಮಾಡಿರಬೇಕು ಅಂದುಕೊಂಡೆ. ಬೇರೆ ಯಾರೂ ಗಮನಿಸಲೇ ಇಲ್ಲ.

ಶುಕ್ರವಾರ ನಾನು ಮಸೀದಿಗೆ ಹೋಗುವಾಗ ಅತ್ತರ್ ಹಚ್ಚುತ್ತೇನೆ. ನಮಾಜು ಮುಗಿಸಿ ಹೋಟೆಲಿಗೆ ಬಂದರೆ ಶಿಪ್ಪಿನವರು ಬೆನ್ನು ತಿರುಗಿಸಿದ್ದರೂ “ಕಾಕ ಬಂದ್ರು, ಮೀನಿನ ವಾಸನೆಯೆಲ್ಲ ಓಡಿಹೋಯಿತು” ಎನ್ನುತ್ತಿದ್ದರು. ಎಷ್ಟೋ ವರ್ಷದ ತಮಾಷೆ ಅದು. ಆ ವಾರದ ಶುಕ್ರವಾರ ನಾನು ಹೋಗಿ ಅವರ ಹಿಂದೆಯೇ ನಿಂತೆ. ಅವರು ಕೌಂಟರಿನಲ್ಲಿ ತಲೆ ತಗ್ಗಿಸಿ ಸಣ್ಣ ಬಾಟಲಿಯೊಂದರ ಮುಚ್ಚಳ ತೆಗೆದು ಮೂಗಿಗೆ ಹಿಡಿದಿದ್ದರು. ಮುಚ್ಚಿದರು. ಇನ್ನೊಂದು ತೆಗೆದರು. ನನ್ನ ಕಡೆ ತಿರುಗಲಿಲ್ಲ. ಬಾಟಲಿಯಲ್ಲಿದ್ದದ್ದು ಲವಂಗ. ಮೂರಡಿ ದೂರದಲ್ಲಿ ನಿಂತ ನನಗೇ ಅದರ ಪರಿಮಳ ಬಂತು, ಅವರಿಗೆ ಬರಲಿಲ್ಲ.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಸುಳ್ಳು ಹೇಳಲಿಲ್ಲ.

“ಹೋಯ್ತು ಕಾಕ. ಜ್ವರದಲ್ಲಿ ಹೋದದ್ದು ವಾಪಸ್ ಬರಲಿಲ್ಲ. ಬೇರೆ ಎಲ್ಲರಿಗೂ ಬಂತು. ಡಾಕ್ಟ್ರು ಲವಂಗ, ನೀಲಗಿರಿ, ಲಿಂಬೆ, ಶುಂಠಿ ದಿನಾ ಮೂಸಲಿಕ್ಕೆ ಹೇಳಿದ್ದಾರೆ. ಮೂಸ್ತೇನೆ. ನೀರು ಮೂಸಿದ ಹಾಗೆ.”

“ಅಕ್ಕನಿಗೆ ಗೊತ್ತುಂಟಾ?”

“ಇಲ್ಲ. ಗೊತ್ತಾಗಬಾರದು. ಮಸಾಲೆ ಅವಳು ಕಡೆಯುವುದು, ಕಾಯಿಸುವುದು ಅವಳು. ಈ ಹೋಟೆಲಿನಲ್ಲಿ ನನ್ನದು ಅಂತ ಎಂತ ಉಂಟು ಹೇಳಿ? ಮೂಗು ಒಂದೇ. ನಾನು ಬದುಕಿರುವಷ್ಟು ದಿನ ನೀವು ಯಾರಿಗೂ ಹೇಳಬಾರದು.”

ನಾನು ಮಾತು ಕೊಟ್ಟೆ. ಅಷ್ಟೇ ಅಲ್ಲ, ಇನ್ನೊಂದು ಕೆಲಸವನ್ನೂ ಒಪ್ಪಿಕೊಂಡೆ. ಮರುದಿನದಿಂದ ಬೆಳಿಗ್ಗೆ ಆರು ಗಂಟೆಗೆ, ಪಣಂಬೂರಿಗೆ ಹೋಗುವ ಆಫೀಸಿನ ವ್ಯಾನು ಬರುವ ಮೊದಲು, ನಾನು ಹೋಟೆಲಿನ ಹಿಂಬಾಗಿಲಿಗೆ ಹೋಗತೊಡಗಿದೆ. ಅಕ್ಕ ಬರುವುದು ಎಂಟಕ್ಕೆ. ಬುಟ್ಟಿಯ ಎದುರು ಇಬ್ಬರೂ ಕೂರುತ್ತಿದ್ದೆವು. ಅವರು ಕಿವಿರು ಎತ್ತಿ ಹಿಡಿಯುವುದು, ನಾನು ಮೂಸಿ ತಲೆಯಾಡಿಸುವುದು. “ಉಂಟು”, “ಇಲ್ಲ” ಎಂದು ಹೇಳುವುದು ಮಾತ್ರ ಅವರೇ. ಹೊರಗಿನಿಂದ ಯಾರಾದರೂ ಇಣುಕಿದರೆ ಶಿಪ್ಪಿನವರು ಮೀನು ನೋಡುತ್ತಿದ್ದಾರೆ, ಕಾಕ ಚಾ ಕುಡಿಯಲು ಬಂದಿದ್ದಾರೆ, ಅಷ್ಟೇ ಕಾಣಬೇಕು. ಚಾ ನಿಜವಾಗಿಯೂ ಇರುತ್ತಿತ್ತು. ತಮಗೂ ಏನಾದರೂ ಗೊತ್ತಾಗಲಿ ಎಂದು ಅದಕ್ಕೆ ಮುಷ್ಟಿ ತುಂಬ ಶುಂಠಿ ಜಜ್ಜಿ ಹಾಕುತ್ತಿದ್ದರು. ನನಗೆ ಗಂಟಲು ಸುಡುತ್ತಿತ್ತು.

ರಂಜಾನಿನಲ್ಲಿ ಅವರಿಗೇ ಚಿಂತೆ. “ಮೂಸಿದ್ರೆ ಉಪವಾಸ ಮುರಿಯುದಿಲ್ಲವಾ ಕಾಕ? ನನ್ನಿಂದ ನಿಮಗೆ ಪಾಪ ಬೇಡ.” ಮೂಸುವುದು ತಿಂದ ಹಾಗಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಆ ತಿಂಗಳು ಪ್ರತಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಎಣ್ಣೆಯಲ್ಲಿ ಕರಿದ ಜೀಗುಜ್ಜೆ ಪೋಡಿಯ ಪೊಟ್ಟಣ ನಮ್ಮ ಮನೆಗೆ ಬರುತ್ತಿತ್ತು.

ಹನ್ನೊಂದು ತಿಂಗಳು ಹೀಗೆ ನಡೆಯಿತು. ನಾವಿಬ್ಬರೂ ಮೀನಿನ ವಿಷಯದಲ್ಲಿ ಎಷ್ಟು ಜಾಗ್ರತೆ ಮಾಡಿದೆವೆಂದರೆ ಒಬ್ಬ ಗಿರಾಕಿಗೂ ಹೊಟ್ಟೆ ಕೆಡಲಿಲ್ಲ. ಮೂಗು ಇರುವುದು ಮೀನಿಗೆ ಮಾತ್ರವಲ್ಲ ಎಂಬುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗೇಟಿನಲ್ಲಿ ನಿಂತು ಗ್ಯಾಸ್ ಹಿಡಿದವರ ಕತೆಯನ್ನು ನಾನೇ ನೂರು ಜನರಿಗೆ ಹೇಳಿದ್ದೆ. ಆದರೂ ಹೊಳೆಯಲಿಲ್ಲ. ಈಗ ಅದನ್ನು ಯೋಚಿಸಿದರೆ ನನ್ನ ಮೇಲೆಯೇ ಅಸಹ್ಯ ಬರುತ್ತದೆ.

ಭಾನುವಾರದ ಅಡಿಗೆಗೆ ಕೈ ಹಾಕುತ್ತಿದ್ದದ್ದು ಮಾತ್ರ ಅವರೇ. ವಾಸನೆ ಇಲ್ಲದವರಿಗೆ ರುಚಿಯೂ ಅರ್ಧ. ಮೆಣಸು ಏರಿತು, ಉಪ್ಪು ಏರಿತು. ಒಂದು ಭಾನುವಾರ ಆ ಬಸ್ ಡ್ರೈವರನೇ ಗಂಬೋವನ್ನು ಅರ್ಧಕ್ಕೆ ಬಿಟ್ಟು ಎದ್ದ. ಅಕ್ಕ ಅವನ ಬಟ್ಟಲಿಗೆ ಬೆರಳಿಟ್ಟು ನೆಕ್ಕಿ ನೋಡಿ, ತುಂಬಿದ ಹೋಟೆಲಿನಲ್ಲಿ ಗಂಡನಿಗೆ ಹೇಳಿದರು:

“ನಿಮ್ಮ ಕೈ ಸತ್ತುಹೋಗಿದೆ. ನಾಳೆಯಿಂದ ನೀವು ಒಲೆಯ ಹತ್ತಿರ ಬರಬೇಡಿ.”

ಯಾರೂ ನಗಲಿಲ್ಲ. ಶಿಪ್ಪಿನವರು ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಬುಟ್ಟಿಯ ಎದುರು ಕೂರಲಿಲ್ಲ, ನಿಂತೇ ಇದ್ದೆ. ಅಕ್ಕನಿಗೆ ಹೇಳಿಬಿಡಿ ಎಂದೆ. ಆಗುವುದಿಲ್ಲ ಎಂದರು. ಅಕ್ಕ ಬೈಯುವುದು ವಿಷಯ ಗೊತ್ತಿಲ್ಲದೆ ಎಂದೆ. “ಬೈಯಲಿ. ಅಯ್ಯೋ ಪಾಪ ಅನ್ನುವುದು ಬೇಡ” ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

“ಹಾಗಾದ್ರೆ ನಾಳೆಯಿಂದ ನಾನು ಬರುದಿಲ್ಲ. ಮೂಸಲಿಕ್ಕೆ ಬೇರೆ ಜನ ನೋಡಿಕೊಳ್ಳಿ.”

“ಬರಬೇಡಿ ಮಾರಾಯ” ಎಂದು ಅವರು ಬೆನ್ನು ತಿರುಗಿಸಿದರು.

ನಾನು ಹೋಗದಿದ್ದರೆ ಮೀನು ನೋಡಲು ಬೇರೆ ದಾರಿಯಿಲ್ಲದೆ ಹೆಂಡತಿಗೆ ಹೇಳಿಯೇ ಹೇಳುತ್ತಾರೆ, ಇದು ನನ್ನ ಲೆಕ್ಕಾಚಾರ. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೇನೆಂದು ನಂಬಿದ್ದೆ. ಮಂಗಳವಾರ ಹೋಗಲಿಲ್ಲ. ಬುಧವಾರ ಅವರ ಕಣ್ಣಿಗೆ ಬೀಳಬಾರದೆಂದು ಮೇಲಿನ ರಸ್ತೆಯಲ್ಲಿ ಸುತ್ತಿ ವ್ಯಾನು ಹತ್ತಿದೆ. ಗುರುವಾರ ಬೆಳಿಗ್ಗೆ ಆರು ದಾಟಿತ್ತು, ಬೂಟಿನ ಲೇಸು ಕಟ್ಟುತ್ತಿದ್ದೆ. ಕಿಟಕಿಯ ಗಾಜು ಅಲುಗಾಡಿತು. ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಹೆಂಡತಿಗೆ ಹೇಳಿದೆ.

ಹಿಂದಿನ ದಿನ ಒಲೆಯ ರೆಗ್ಯುಲೇಟರ್ ಬಂದ್ ಮಾಡಿರಲಿಲ್ಲ. ಅದರ ಪೈಪು ಬಿರುಕು ಬಿಟ್ಟಿತ್ತು. ಮುಚ್ಚಿದ ಅಡಿಗೆಮನೆಯ ತುಂಬ ಗ್ಯಾಸ್. ಅವರು ಬಾಗಿಲು ತೆರೆದು ಒಳಗೆ ಹೋಗಿ ಎಂದಿನಂತೆ ಚಾಕ್ಕೆ ಒಲೆ ಹಚ್ಚಿದ್ದಾರೆ. ಕೂಗಾಟ ಕೇಳಿ ನಾನು ಓಡಿ ಹೋದಾಗ ನಾಲ್ಕು ಜನ ಅವರನ್ನು ಗೋಣಿ ಸುತ್ತಿ ಹೊರಗೆ ತರುತ್ತಿದ್ದರು. ಜೀವಂತ ಆಸ್ಪತ್ರೆ ತಲುಪಲಿಲ್ಲ. ಮುಖ ನೋಡಿದೆ, ಅದನ್ನು ಬರೆಯಲಾರೆ. ಒಲೆಯ ಪಕ್ಕದ ಗೋಡೆಯ ಬುಡದಲ್ಲಿ ಎರಡು ಚಾದ ಗ್ಲಾಸು ಬಿದ್ದಿತ್ತು. ಮೂರನೇ ದಿನವೂ ನನಗೊಂದು ಗ್ಲಾಸು ತೆಗೆದಿಟ್ಟಿದ್ದರು.

ಅಗ್ನಿಶಾಮಕದವರಲ್ಲಿ ಒಬ್ಬ ಎಲ್ಲರೆದುರು ಹೇಳಿದ: ಬಾಗಿಲು ತೆರೆದ ಕೂಡಲೇ ನಾತ ಮುಖಕ್ಕೆ ಹೊಡೆದಿರಬೇಕು, ಅಂಥದರಲ್ಲಿ ಹೇಗೆ ಒಲೆ ಹಚ್ಚಿದರೋ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಮೂಗಿಗೆ ಗೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಸಂಜೆಯೊಳಗೆ ರಸ್ತೆಯಲ್ಲಿ ತೀರ್ಮಾನವಾಗಿತ್ತು. ಗೊತ್ತಿದ್ದೇ ಹಚ್ಚಿದ್ದಾರೆ, ಭಾನುವಾರ ಹೆಂಡತಿ ಹಾಗೆ ಹೇಳಿದ್ದು ಮನಸ್ಸಿಗೆ ತಾಗಿದೆ. ಅಕ್ಕನ ಕಿವಿಗೂ ಅದು ಬಿತ್ತು. ಅವರು ಇಲ್ಲ ಎನ್ನಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಒಂದೇ ಮಾತು ಸಾಕಿತ್ತು. ಹೇಳಲಿಲ್ಲ. ಕೊಟ್ಟ ಮಾತು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಅವರು ಕೇಳಿದ್ದು ಬದುಕಿರುವಷ್ಟು ದಿನ ಎಂದು. ಆ ಮಾತು ಅವತ್ತು ಬೆಳಿಗ್ಗೆಯೇ ಮುಗಿದಿತ್ತು. ನಿಜವಾದ ಕಾರಣ ಹೆದರಿಕೆ. ಮೂಗಿನ ವಿಷಯ ಹೇಳಿದರೆ ಬೆಳಿಗ್ಗೆ ಆರರ ವಿಷಯ ಹೇಳಬೇಕು. ಅದನ್ನು ಹೇಳಿದರೆ ಆ ಮೂರು ದಿನ ಯಾಕೆ ಹೋಗಲಿಲ್ಲ ಎಂದು ಹೇಳಬೇಕು. ನಾನು ಹೋಗಿದ್ದರೆ ಹಿಂಬಾಗಿಲು ತೆರೆಯುವಾಗಲೇ ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಅಕ್ಕನ ಮನೆಗೆ ತಿಂಗಳಿಗೆ ಎರಡು ಸಲ ಹೋಗತೊಡಗಿದೆ. ರೇಷನ್ ಕಾರ್ಡಿನ ಕೆಲಸ, ಹೋಟೆಲಿನ ಜಾಗ ಬಿಟ್ಟುಕೊಡುವ ಕೆಲಸ, ಎಲ್ಲ ನಾನೇ ಓಡಾಡಿ ಮಾಡಿದೆ. ಹೋದಾಗಲೆಲ್ಲ ಅಕ್ಕ ಊಟ ಹಾಕುತ್ತಿದ್ದರು. ಮೊದಲಿನಂತೆ ಗದರಿಸುತ್ತಿರಲಿಲ್ಲ. ಮಾತಾಡುವಾಗ ಗಂಟಲು ಎತ್ತುತ್ತಲೇ ಇರಲಿಲ್ಲ. “ನನ್ನ ನಾಲಿಗೆ ಸರಿ ಇಲ್ಲ ಕಾಕ” ಎಂದು ಒಮ್ಮೆ ಅನ್ನ ಬಡಿಸುತ್ತಾ ಹೇಳಿದರು. ನಾನು ತಲೆ ತಗ್ಗಿಸಿ ಉಂಡೆ.

ವರ್ಷ ತುಂಬಿದ ದಿನ ನನ್ನನ್ನೂ ಕರೆದಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ತೀರಿಹೋದ ಹಿರಿಯರಿಗೆಲ್ಲ ಸಾಲಾಗಿ ಎಲೆ ಹಾಕಿ ಬಡಿಸುತ್ತಾರೆ. ಹೊಸದಾಗಿ ಹೋದವರನ್ನು ಆ ದಿನ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಒಳಗಿನ ಕೋಣೆಯಲ್ಲಿ ಎಲೆಗಳ ಸಾಲು ಕಾಣುತ್ತಿತ್ತು. ಶಿಪ್ಪಿನವರ ಎಲೆ ಅಲ್ಲಿರಲಿಲ್ಲ. ಅದನ್ನು ಹೊರಗೆ ಜಗಲಿಯ ತುದಿಯಲ್ಲಿ, ಚಪ್ಪಲಿ ಬಿಡುವ ಕಡೆ ಹಾಕಿದ್ದರು. ಅವರ ಅಣ್ಣ, ಎಂಬತ್ತು ದಾಟಿದವರು, ನನಗೆ ವಿವರಿಸಿದರು:

“ತಾನಾಗಿ ಹೋದವನಲ್ಲವಾ. ಒಳಗೆ ಸೇರಿಸುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೀಗೆ.”

ಅಕ್ಕ ಆ ಎಲೆಗೆ ಬಂಗುಡೆ ಬಡಿಸಲು ಬಾಗಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

“ಅಕ್ಕ, ಅವರು ತಾವಾಗಿ ಹೋದದ್ದಲ್ಲ. ಅವರಿಗೆ ವಾಸನೆ ಬರ್ತಿರಲಿಲ್ಲ. ಜ್ವರದಲ್ಲಿ ಹೋದದ್ದು ವಾಪಸ್ ಬರಲೇ ಇಲ್ಲ. ಗ್ಯಾಸಿನ ನಾತ ಅವರಿಗೆ ಗೊತ್ತಾಗ್ಲಿಲ್ಲ.”

ಅಕ್ಕ ಬಾಗಿದಲ್ಲಿಂದ ಏಳಲಿಲ್ಲ. “ಯಾರು ಹೇಳಿದ್ದು?” ಎಂದರು.

ಎಲ್ಲ ಹೇಳಿದೆ. ಅತ್ತರಿನ ಶುಕ್ರವಾರ, ನಾಲ್ಕು ಬಾಟಲಿ, ಬೆಳಿಗ್ಗೆ ಆರು ಗಂಟೆ, ಶುಂಠಿ ಚಾ. ಕೊನೆಗೆ ಆ ಮೂರು ದಿನ. ಹೇಳಿ ಮುಗಿಸುವಾಗ ನಾನು ಅಳುತ್ತಿದ್ದೆ, ಅಕ್ಕ ಅಳುತ್ತಿರಲಿಲ್ಲ. ಅವರು ಬಡಿಸಿದ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು. ಮುದುಕ ಅಣ್ಣ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಸಾಲಿನಲ್ಲಿದ್ದ ಎಲೆಗಳನ್ನು ಸ್ವಲ್ಪ ಸರಿಸಿ ಅಕ್ಕ ನಡುವೆ ಜಾಗ ಮಾಡಿದರು, ಅಲ್ಲಿ ಆ ಎಲೆ ಇಟ್ಟರು. ಬಗ್ಗಿ ಎಲೆಯ ಹತ್ತಿರ ಏನೋ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಕೇಳುವ ಹಕ್ಕು ನನಗಿರಲಿಲ್ಲ, ನಾನು ಅಂಗಳಕ್ಕೆ ಇಳಿದು ನಿಂತೆ.

ಆಮೇಲೆ ಜಗಲಿಗೆ ಬಂದರು. ಕೈಯಲ್ಲಿ ಇನ್ನೂ ಬಡಿಸುವ ಸೌಟು ಇತ್ತು.

“ಒಂದು ವರ್ಷ ನಾನೇ ಕೊಂದದ್ದು ಅಂತ ತಿಳಿದುಕೊಂಡಿದ್ದೆ. ನೀವು ಬಂದು ಊಟ ಮಾಡಿ ಹೋಗ್ತಿದ್ರಿ.”

ಅಕ್ಕ ನನ್ನ ಚಪ್ಪಲಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಮೊದಲಿನ ಗಂಟಲು ಅವರಿಗೆ ವಾಪಸ್ ಬಂದಿತ್ತು.

“ಹೋಗುವಾಗ ಗೇಟು ಹಾಕಿ. ನಾಯಿ ಬರ್ತದೆ” ಎಂದು ಒಳಗೆ ಹೋದರು.